ಐಪಾಡ್‌ಗೆ ಹೋದ ಹಾಡು ವಾಪಸ್ ಬರುತ್ತದೆ

ಹಳೆಯ ಕಂಪ್ಯೂಟರ್ ಕೈಕೊಟ್ಟಿದೆ, ಬ್ಯಾಕಪ್ ಇಲ್ಲ, ಹಾಡುಗಳು ಉಳಿದಿರುವುದು ಐಪಾಡ್‌ನಲ್ಲಿ ಮಾತ್ರ. ಅವನ್ನು ಹೊಸ ಕಂಪ್ಯೂಟರ್‌ಗೆ ತರುವುದು ಹೇಗೆ ಎಂದು ಕೇಳಿದರೆ ಬಹುಮಂದಿ ಹೇಳುವುದು ಒಂದೇ ಮಾತು: "ಐಪಾಡ್‌ಗೆ ಹಾಡು ಹೋಗುತ್ತದೆ, ಅಲ್ಲಿಂದ ವಾಪಸ್ ಬರುವುದಿಲ್ಲ." ಇದನ್ನು ನಂಬಿ ಆಸೆ ಬಿಟ್ಟವರು ಎಷ್ಟೋ ಜನ. ಮಾತು ಮಾತ್ರ ನಿಜವಲ್ಲ.

ಅದರಲ್ಲಿ ನಿಜ ಎಷ್ಟಿದೆ ಎಂದರೆ, ಐಟ್ಯೂನ್ಸ್‌ನ ಸಿಂಕ್ ಏಕಮುಖ. 2001ರ ಅಕ್ಟೋಬರ್‌ನಲ್ಲಿ ಆಪಲ್ ಮೊದಲ ಐಪಾಡ್ ತಂದಾಗ, ಅಂತರ್ಜಾಲದಲ್ಲಿ ಹಾಡುಗಳ ನಕಲು ಹರಿದಾಡುತ್ತಿದ್ದುದಕ್ಕೆ ಧ್ವನಿಮುದ್ರಣ ಕಂಪನಿಗಳು ಕೆಂಡವಾಗಿದ್ದವು. ಐಪಾಡ್ ಸುತ್ತಿದ ಪ್ಲಾಸ್ಟಿಕ್ ಹೊದಿಕೆಯ ಮೇಲೇ 'ಸಂಗೀತ ಕದಿಯಬೇಡಿ' ಎಂದು ನಾಲ್ಕು ಭಾಷೆಗಳಲ್ಲಿ ಅಚ್ಚು ಹಾಕಿದ್ದರು. ಹಾಡುಗಳನ್ನಿಟ್ಟ ಫೋಲ್ಡರನ್ನು ಅಡಗಿಸಿಯೂ ಇಟ್ಟರು. ಅಡಗಿಸಿದರು ಅಷ್ಟೆ, ಬೀಗ ಹಾಕಲಿಲ್ಲ.

ಕ್ಲಾಸಿಕ್, ಮಿನಿ, ನ್ಯಾನೊಗಳನ್ನು ಕೇಬಲ್ ಹಾಕಿ ಜೋಡಿಸಿದರೆ ಕಂಪ್ಯೂಟರ್ ಅವನ್ನು ಪೆನ್ ಡ್ರೈವ್‌ನಂತೆಯೇ ಕಾಣುತ್ತದೆ. ವಿಂಡೋಸ್‌ನಲ್ಲಿ ಅಡಗಿದ ಫೈಲ್‌ಗಳನ್ನು ತೋರಿಸುವ ಆಯ್ಕೆಗೆ ಟಿಕ್ ಹಾಕಿ. ಮ್ಯಾಕ್‌ನಲ್ಲಾದರೆ ಕಮಾಂಡ್, ಶಿಫ್ಟ್, ಫುಲ್‌ಸ್ಟಾಪ್ ಮೂರನ್ನೂ ಒಟ್ಟಿಗೆ ಒತ್ತಿ. 'ಐಪಾಡ್ ಕಂಟ್ರೋಲ್' ಎಂಬ ಫೋಲ್ಡರ್ ಕಾಣಿಸುತ್ತದೆ. ಅದರೊಳಗೆ 'ಮ್ಯೂಸಿಕ್', ಅದರೊಳಗೆ ಎಫ್00, ಎಫ್01, ಎಫ್02 ಎಂದು ಸಾಲು ಫೋಲ್ಡರ್‌ಗಳು. ನಿಮ್ಮ ಹಾಡುಗಳೆಲ್ಲ ಅಲ್ಲೇ ಇವೆ.

ಅಲ್ಲಿಗೆ ತಲುಪಿದವರಲ್ಲೂ ಹಲವರು ಗಾಬರಿಯಾಗಿ ಹಿಂದಿರುಗುತ್ತಾರೆ. ಒಂದು ಫೈಲಿಗೂ ಹಾಡಿನ ಹೆಸರಿಲ್ಲ. ತಲೆಬುಡವಿಲ್ಲದ ನಾಲ್ಕು ಇಂಗ್ಲಿಷ್ ಅಕ್ಷರ, ಕೊನೆಗೆ ಎಂಪಿ3 ಅಥವಾ ಎಂ4ಎ. "ಫೈಲ್‌ಗಳು ಕೆಟ್ಟುಹೋಗಿವೆ" ಎಂಬ ತೀರ್ಮಾನ ಇಲ್ಲಿ ಹುಟ್ಟುತ್ತದೆ. ಕೆಟ್ಟಿಲ್ಲ. ಹಾಡಿನ ಹೆಸರು, ಗಾಯಕರು, ಆಲ್ಬಂ ಎಲ್ಲವೂ ಫೈಲಿನ ಒಳಗೇ ಟ್ಯಾಗ್ ರೂಪದಲ್ಲಿರುತ್ತವೆ. ಇಡೀ 'ಮ್ಯೂಸಿಕ್' ಫೋಲ್ಡರನ್ನು ಹೊಸ ಕಂಪ್ಯೂಟರ್‌ಗೆ ಕಾಪಿ ಮಾಡಿ. ಐಟ್ಯೂನ್ಸ್ ಸೆಟ್ಟಿಂಗ್‌ನಲ್ಲಿ ಫೈಲ್‌ಗಳನ್ನು ತನ್ನ ಫೋಲ್ಡರ್‌ಗೆ ನಕಲಿಸಿಕೊಳ್ಳುವ, ಅಚ್ಚುಕಟ್ಟಾಗಿ ಜೋಡಿಸುವ ಎರಡೂ ಆಯ್ಕೆಗಳನ್ನು ಆನ್ ಮಾಡಿ, ಆಮೇಲೆ ಆ ಫೋಲ್ಡರನ್ನು ಸೇರಿಸಿ. ಟ್ಯಾಗ್ ಓದಿಕೊಂಡು ಐಟ್ಯೂನ್ಸ್ ಹೆಸರುಗಳನ್ನು ತಾನೇ ಕೊಡುತ್ತದೆ, ಸಿ. ಅಶ್ವತ್ಥ್ ಅವರ ಹಾಡುಗಳು ಅವರ ಹೆಸರಿನ ಫೋಲ್ಡರ್‌ಗೆ, ಆಲ್ಬಂಗಳ ಪ್ರಕಾರ ಹೋಗಿ ಕೂರುತ್ತವೆ. ಮನೆಯಲ್ಲೇ ಕ್ಯಾಸೆಟ್‌ನಿಂದ ಇಳಿಸಿಕೊಂಡ ಯಕ್ಷಗಾನ ಪ್ರಸಂಗಕ್ಕೆ ಟ್ಯಾಗೇ ಹಾಕಿರದಿದ್ದರೆ ಅದು ಹೆಸರಿಲ್ಲದೆಯೇ ಬರುತ್ತದೆ. ಒಂದೊಂದನ್ನೇ ಕೇಳಿ ಹೆಸರು ಬರೆಯಬೇಕು. ಆ ಕೆಲಸಕ್ಕೆ ಅಡ್ಡದಾರಿ ಇಲ್ಲ.

ಪ್ಲೇಲಿಸ್ಟ್, ಸ್ಟಾರ್ ರೇಟಿಂಗ್‌ಗಳು ಹಾಡಿನ ಫೈಲಿನಲ್ಲಿರುವುದಿಲ್ಲ. ಅವು ಐಪಾಡ್‌ನ ಬೇರೊಂದು ಡೇಟಾಬೇಸ್ ಫೈಲಿನಲ್ಲಿವೆ, ಬರೀ ಕಾಪಿ ಮಾಡಿದರೆ ಬಾರವು. ಲಿನಕ್ಸ್‌ನ ರಿದಮ್‌ಬಾಕ್ಸ್‌ನಂಥ ತಂತ್ರಾಂಶಗಳು ಆ ಡೇಟಾಬೇಸ್ ಓದಬಲ್ಲವು.

ನಿಜಕ್ಕೂ ಹಾಡು ಕಳೆಯುವುದು ಇನ್ನೊಂದು ನಂಬಿಕೆಯಿಂದ: "ಹೊಸ ಕಂಪ್ಯೂಟರ್‌ಗೆ ಹಾಕಿ ಸಿಂಕ್ ಮಾಡಿದರೆ ಎಲ್ಲ ಬಂದುಬಿಡುತ್ತದೆ." ಹೊಸ ಕಂಪ್ಯೂಟರ್‌ನ ಲೈಬ್ರರಿ ಖಾಲಿ. ಸಿಂಕ್ ಎಂದರೆ ಐಪಾಡ್ ಕೂಡ ಆ ಲೈಬ್ರರಿಯಂತೆಯೇ ಆಗಬೇಕು, ಅಂದರೆ ಅದೂ ಖಾಲಿಯಾಗಬೇಕು. ಈ ಐಪಾಡ್ ಬೇರೆ ಲೈಬ್ರರಿಗೆ ಸೇರಿದ್ದು, ಅಳಿಸಿ ಸಿಂಕ್ ಮಾಡಲೇ ಎಂದು ಐಟ್ಯೂನ್ಸ್ ಕೇಳಿಯೇ ಕೇಳುತ್ತದೆ. ಓದದೆ ಒತ್ತಿದವರ ಹಾಡುಗಳು ಹೋದವು. ಅದೇ ಕಿಟಕಿಯಲ್ಲಿ ಖರೀದಿಗಳನ್ನು ವರ್ಗಾಯಿಸುವ ಗುಂಡಿಯೂ ಇದ್ದು, ಅದನ್ನು ಒತ್ತಿದರೆ ಎಲ್ಲವೂ ಬರುತ್ತದೆಂದು ಹಲವರು ತಿಳಿದಿದ್ದಾರೆ. 2006ರಲ್ಲಿ ಐಟ್ಯೂನ್ಸ್ 7ರೊಂದಿಗೆ ಬಂದ ಆ ಸೌಲಭ್ಯ ಆಪಲ್ ಅಂಗಡಿಯಲ್ಲಿ ಕೊಂಡ ಹಾಡುಗಳಿಗೆ ಮಾತ್ರ. ನಮ್ಮಲ್ಲಿ ಹೆಚ್ಚಿನವರ ಐಪಾಡ್ ತುಂಬಿದ್ದು ಸಿಡಿಗಳಿಂದ, ಕ್ಯಾಸೆಟ್‌ಗಳಿಂದ. ಮತ್ತೆ ಅಂಗಡಿಯಲ್ಲಿ ಸಿಗದ ಧ್ವನಿಮುದ್ರಣಗಳು ಅವುಗಳಲ್ಲಿ ಎಷ್ಟೋ ಇವೆ. ಆದ್ದರಿಂದಲೇ ಇಷ್ಟು ಒತ್ತಿ ಹೇಳುತ್ತಿದ್ದೇನೆ: ಕಾಪಿ ಮುಗಿಯುವವರೆಗೆ ಐಟ್ಯೂನ್ಸ್ ಹಾಕಿಕೊಳ್ಳಲೇಬೇಡಿ. ಆಗಲೇ ಇದ್ದರೆ, ವಿಂಡೋಸ್‌ನಲ್ಲಿ ಕಂಟ್ರೋಲ್ ಮತ್ತು ಶಿಫ್ಟ್, ಮ್ಯಾಕ್‌ನಲ್ಲಿ ಕಮಾಂಡ್ ಮತ್ತು ಆಪ್ಶನ್ ಕೀಲಿಗಳನ್ನು ಒತ್ತಿ ಹಿಡಿದೇ ಐಪಾಡ್ ಜೋಡಿಸಿ. ತಾನಾಗಿ ಸಿಂಕ್ ಶುರುವಾಗುವುದಿಲ್ಲ.

ಮ್ಯಾಕ್‌ನಲ್ಲಿ ಫಾರ್ಮ್ಯಾಟ್ ಆದ ಐಪಾಡನ್ನು ವಿಂಡೋಸ್ ಓದಲಾರದು. "ಫಾರ್ಮ್ಯಾಟ್ ಮಾಡಲೇ?" ಎಂದು ಕೇಳಿದರೆ ಬೇಡ ಅನ್ನಿ, ಸ್ನೇಹಿತರ ಮ್ಯಾಕ್ ಹುಡುಕಿ. ಐಪಾಡ್ ಟಚ್ ಡಿಸ್ಕ್‌ನಂತೆ ತೆರೆದುಕೊಳ್ಳುವುದೇ ಇಲ್ಲ. ಅದಕ್ಕೆ ಐಮೇಜಿಂಗ್‌ನಂಥ ಪ್ರತ್ಯೇಕ ತಂತ್ರಾಂಶ ಬೇಕು. 2009ಕ್ಕೆ ಮುಂಚೆ ಐಟ್ಯೂನ್ಸ್ ಅಂಗಡಿಯಲ್ಲಿ ಕೊಂಡ, ಎಂ4ಪಿ ಎಂದು ಕೊನೆಗೊಳ್ಳುವ ಫೈಲ್‌ಗಳಿಗೆ ಮಾತ್ರ ನಿಜವಾದ ಬೀಗವಿದೆ. ಕೊಂಡ ಖಾತೆಯಿಂದಲೇ ಹೊಸ ಕಂಪ್ಯೂಟರ್‌ಗೆ ಅನುಮತಿ ಕೊಡಬೇಕು. ಎಂ4ಎ ಆಪಲ್ ಬಿಟ್ಟು ಬೇರೆಲ್ಲೂ ಓಡದು ಎಂಬುದೂ ಸುಳ್ಳು, ವಿಎಲ್‌ಸಿಯಲ್ಲಿ ಸಲೀಸಾಗಿ ಓಡುತ್ತದೆ.

ಅಳಿಸಿ ಆಗಿಹೋಗಿದ್ದರೆ? ಹಾರ್ಡ್ ಡಿಸ್ಕ್ ಇರುವ ಐಪಾಡ್‌ನಲ್ಲಿ, ಅಳಿಸಿದ ಜಾಗದ ಮೇಲೆ ಬೇರೇನಾದರೂ ಬರೆಯುವವರೆಗೆ ಹಳೆಯ ಮಾಹಿತಿ ಅಲ್ಲೇ ಇರುತ್ತದೆ. ಹೊಸ ಹಾಡು ತುಂಬದೆ, ತಕ್ಷಣ ಕೇಬಲ್ ತೆಗೆಯಿರಿ. ಆಮೇಲೆ ಸಿಂಕ್ ಆಗದಂತೆ ಮತ್ತೆ ಜೋಡಿಸಿ, ಫೋಟೊರೆಕ್ ಎಂಬ ಉಚಿತ ತಂತ್ರಾಂಶದಿಂದ ಹುಡುಕಿ. ಅದು ಹೆಕ್ಕಿ ಕೊಡುವ ಫೈಲ್‌ಗಳಿಗೆ ಸರಿಯಾದ ಹೆಸರಿರದಿದ್ದರೂ ಒಳಗಿನ ಟ್ಯಾಗ್ ಉಳಿದಿರುತ್ತದೆ.