ಬಾವಲಿ ಗುಹೆಯ ಬಿಳಿ ಪುಡಿ

ಹಲಸೂರು, ಇಂದಿರಾನಗರ, ಕೆ.ಆರ್.ಪುರ ದಾಟಿ ಹಳೇ ಮದ್ರಾಸ್ ರಸ್ತೆಯಲ್ಲಿ ಪೂರ್ವಕ್ಕೆ ಹೋದರೆ ಹೊಸಕೋಟೆ, ಆಮೇಲೆ ಕೋಲಾರ. ಆ ಜಿಲ್ಲೆಯ ಹನುಮನಹಳ್ಳಿಯ ಗ್ರಾನೈಟ್ ಗುಡ್ಡದಡಿಯ ಗುಹೆಯಲ್ಲಿ ಒಂದು ಪುಟ್ಟ ಬಾವಲಿ ವಾಸವಾಗಿದೆ. 1994ರಲ್ಲಿ ವಿಜ್ಞಾನಿಗಳು ಅದನ್ನು ಹೊಸ ಜಾತಿ ಎಂದು ವಿವರಿಸಿದರು. ಮೊದಲು ತೇರಹಳ್ಳಿಯಲ್ಲೂ ಇತ್ತು, ಈಗಿಲ್ಲ.

ಬಾವಲಿ ಇದ್ದ ಕಡೆ ಹಿಕ್ಕೆ ಇರಲೇಬೇಕಲ್ಲ! ಹುಳುಹುಪ್ಪಟೆ ತಿನ್ನುವ ಬಾವಲಿಯ ಹಿಕ್ಕೆಯಲ್ಲಿ ರಂಜಕ ಚೆನ್ನಾಗಿರುತ್ತದೆ. ಅದಕ್ಕೇ ರೈತರಿಗೆ ಅದು ಒಳ್ಳೆ ಗೊಬ್ಬರ. ಗುಹೆಯೊಳಗೆ ಹಿಕ್ಕೆ ಕೊಳೆತು, ನೀರಿನ ಜೊತೆ ಹುಳಿಯಾದ ರಸ ಇಳಿದು, ಕೆಳಗಿನ ಕಲ್ಲುಮಣ್ಣಿನ ಜೊತೆ ಸೇರಿ ಹೊಸ ಖನಿಜಗಳು ಹುಟ್ಟುತ್ತವೆ. ಸುಣ್ಣಕಲ್ಲು ಸಿಕ್ಕರೆ ಬ್ರಶೈಟ್, ಅಪಟೈಟ್. (ನಮ್ಮ ಹಲ್ಲು, ಮೂಳೆ ಗಟ್ಟಿ ಇರೋದೂ ಅಪಟೈಟ್ ಜಾತಿಯಿಂದಲೇ.) ಜೇಡಿಮಣ್ಣು ಸಿಕ್ಕರೆ ಟರನಕೈಟ್. ಇದಕ್ಕೆ ನ್ಯೂಜಿಲೆಂಡಿನ ಟರನಾಕಿ ಸೀಮೆಯ ಹೆಸರು.

ಗುರುತಿಸೋದೇ ಕಷ್ಟ. ಹೆಚ್ಚಿನವು ಬಿಳಿ ಪುಡಿ, ಇಲ್ಲವೇ ಮಾಸಲು ಹಳದಿ ಹೆಪ್ಪು. ಮೊದಲ ಪರೀಕ್ಷೆ ನಮ್ಮ ಅಡಿಗೆಮನೆಯಲ್ಲೇ ಇದೆ. ಮೊಟ್ಟೆ ಚಿಪ್ಪಿನ ಮೇಲೆ ನಿಂಬೆರಸ ಬಿಟ್ಟರೆ ಸಣ್ಣ ಗುಳ್ಳೆ ಬರುತ್ತೆ, ಯಾಕಂದ್ರೆ ಅದು ಸುಣ್ಣಕಲ್ಲಿನ ಜಾತಿ. ಜಿಪ್ಸಂನಿಂದ ಮಾಡಿದ ಸೀಮೆಸುಣ್ಣಕ್ಕೆ ಬಿಟ್ಟರೆ ಗುಳ್ಳೆ ಬರಲ್ಲ. ಬ್ರಶೈಟಿಗೂ ಬರಲ್ಲ! ಈ ಎರಡನ್ನು ಬೇರೆ ಮಾಡೋದರಲ್ಲೇ ಬಲ್ಲವರೂ ಸೋಲ್ತಾರೆ. ಗಡಸುತನ ಜಿಪ್ಸಂಗೆ 2, ಬ್ರಶೈಟಿಗೆ 2.5. ತೂಕವೂ ಹೆಚ್ಚುಕಮ್ಮಿ ಒಂದೇ. ಒಳಗಿನ ಅಣುಗಳ ಜೋಡಣೆ ಕೂಡ ಅಣ್ಣತಮ್ಮಂದಿರ ಹಾಗೆ.

ಆಗ ಪ್ರಯೋಗಶಾಲೆಯೇ ಗತಿ. ಪುಡಿಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಅಮೋನಿಯಂ ಮಾಲಿಬ್ಡೇಟ್ ಹಾಕಿ ಬಿಸಿ ಮಾಡಿದಾಗ ಹಳದಿ ಗಸಿ ಕೂತರೆ ರಂಜಕ ಇದೆ ಎಂದರ್ಥ. ಆದರೆ ಯಾವ ಖನಿಜ ಅನ್ನೋದು ಇದರಿಂದ ತಿಳಿಯಲ್ಲ. ಅದಕ್ಕೆ ಎಕ್ಸ್‌ರೇ ಬೇಕು, ಇಲ್ಲವೇ ನಮ್ಮ ಸಿ.ವಿ.ರಾಮನ್ ಕಂಡುಹಿಡಿದ ವಿದ್ಯೆ. 1928ರ ಫೆಬ್ರವರಿ 28ರಂದು ಅವರು ಕಂಡದ್ದನ್ನು ಮಾರ್ಚ್ 16ರಂದು ಭಾಷಣದಲ್ಲಿ ವಿವರಿಸಿದ್ದು ಬೆಂಗಳೂರಿನಲ್ಲೇ! ಪುಡಿಯ ಮೇಲೆ ಲೇಸರ್ ಬೆಳಕು ಬಿಟ್ಟರೆ ಚದುರಿ ಬರುವ ಬೆಳಕಿನಲ್ಲಿ ಒಂದೊಂದು ಖನಿಜಕ್ಕೂ ಅದರದೇ ಗೆರೆ. ರಾಮನ್ ಮಾಪಕದಲ್ಲಿ ಜಿಪ್ಸಂನ ದೊಡ್ಡ ಗೆರೆ 1008ರ ಹತ್ತಿರ, ಅಪಟೈಟಿನದು 960ರ ಹತ್ತಿರ. ಒಂದು ಚಿಟಿಕೆ ಪುಡಿ ಸಾಕು, ಅದೂ ಹಾಳಾಗಲ್ಲ.

ಹಾಗಂತ ನಿಂಬೆಹಣ್ಣು ಹಿಡ್ಕೊಂಡು ಹನುಮನಹಳ್ಳಿ ಗುಹೆಗೆ ನುಗ್ಗಬೇಡಿ. ಆ ಬಾವಲಿಗಳು ಎಲ್ಲ ಸೇರಿ ಇನ್ನೂರರೊಳಗೇ ಎಂದು ಎಣಿಸಿದವರು ಹೇಳಿದ್ದಾರೆ. ಕಲ್ಲುಗಣಿಗಾರಿಕೆಯಿಂದ ಅವುಗಳ ಮನೆಗೇ ಅಪಾಯ ಬಂದಿತ್ತು. ಹಗಲಲ್ಲಿ ಜನ ಒಳಗೆ ಹೋದರೆ ನಿದ್ದೆ ಕೆಟ್ಟು ಹಾರಾಡುತ್ತವೆ. ಪರೀಕ್ಷೆಗೆ ಮೊಟ್ಟೆ ಚಿಪ್ಪು, ಸೀಮೆಸುಣ್ಣ ಶಾಲೆಯಲ್ಲೇ ಸಿಗುತ್ತೆ.