ಕಾಲಾಳು ಕೊಟ್ಟು ಕಾಲ ಕೊಳ್ಳುವ ಆಟ

ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ ಬಸ್ಸು ಹತ್ತಿ ಸುರತ್ಕಲ್ಲಿನಲ್ಲಿ ಇಳಿಯುವಷ್ಟರಲ್ಲಿ ಮೊಬೈಲಿನಲ್ಲಿ ಐದಾರು ಚದುರಂಗದ ಆಟಗಳನ್ನು ಮುಗಿಸಬಹುದು. ಒಬ್ಬೊಬ್ಬರಿಗೆ ಮೂರೇ ನಿಮಿಷ. ಎದುರಾಳಿ ಯಾವ ದೇಶದವನೋ ತಿಳಿಯದು. ಇಂಥ ಅವಸರದ ಆಟದಲ್ಲಿ ಎಳೆಯರಿಗೆ ಬಲು ಪ್ರಿಯವಾದದ್ದು ‘ಗ್ಯಾಂಬಿಟ್’. ಆರಂಭದಲ್ಲೇ ಒಂದು ಕಾಲಾಳನ್ನು ಬೇಕೆಂದೇ ಬಲಿಕೊಟ್ಟು ದಾಳಿಗೆ ದಾರಿ ಮಾಡಿಕೊಳ್ಳುವ ತಂತ್ರವಿದು. ಕಾಲು ಅಡ್ಡಕೊಟ್ಟು ಕೆಡಹುವುದನ್ನು ಸೂಚಿಸುವ ಇಟಲಿ ಭಾಷೆಯ ಮಾತೊಂದು ಇದರ ಮೂಲ. ಸ್ಪೇನಿನ ಪಾದ್ರಿ ರೂಯ್ ಲೋಪೆಜ್ 1561ರ ತನ್ನ ಚದುರಂಗದ ಪುಸ್ತಕದಲ್ಲಿ ಅದನ್ನು ಬಳಸಿದ.

ನಮ್ಮ ಹಳೆಯ ಚದುರಂಗದಲ್ಲಿ ಇದಕ್ಕೆ ಹೆಚ್ಚು ಎಡೆಯಿರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಅರಮನೆಯ ವಿನೋದಗಳ ನಡುವೆ ಈ ಆಟವನ್ನೂ ವರ್ಣಿಸಿದ್ದಾನೆ. ಹಳೆಯ ಆಟದಲ್ಲಿ ಕಾಲಾಳಿಗೆ ಮೊದಲ ನಡೆಯಲ್ಲೂ ಒಂದೇ ಮನೆ. ಮಂತ್ರಿಗೂ ಓರೆಯಾಗಿ ಒಂದೇ ಮನೆ. ಸೇನೆಗಳು ಎದುರಾಗುವುದಕ್ಕೇ ಹೊತ್ತು ಹಿಡಿಯುತ್ತಿದ್ದಾಗ ಒಂದೆರಡು ನಡೆ ಮುಂದಿದ್ದು ಏನು ಲಾಭ? 15ನೆಯ ಶತಮಾನದ ಕೊನೆಗೆ ಯುರೋಪಿನಲ್ಲಿ ಮಂತ್ರಿ, ಒಂಟೆಗಳಿಗೆ ಪಟದ ತುದಿಯಿಂದ ತುದಿಗೆ ಸಾಗುವ ಬಲ ಬಂತು. ಅಂದಿನಿಂದ ಕಾಲಾಳಿಗಿಂತ ಕಾಲವೇ ಬೆಲೆಯುಳ್ಳದ್ದಾಯಿತು.

2020ರ ಸುಮಾರಿಗೆ ಅಂತರ್ಜಾಲದಲ್ಲಿ ಜನಪ್ರಿಯವಾದ ‘ಸ್ಟಾಫರ್ಡ್ ಗ್ಯಾಂಬಿಟ್’ ಒಳ್ಳೆಯ ಉದಾಹರಣೆ. ಕಪ್ಪು ಕಾಯಿಯವನು ರಾಜನ ಮುಂದಿನ ಕಾಲಾಳನ್ನು ಬಿಟ್ಟುಕೊಡುತ್ತಾನೆ. ಬಳಿಕ ಕುದುರೆಗೆ ಕುದುರೆ ಹೋಗುತ್ತದೆ. ಬಿಳಿಯ ಒಂಟೆ ಮುಂದೆ ಬಂದು ಕಪ್ಪು ಕುದುರೆಯನ್ನು ಕಟ್ಟುತ್ತದೆ. ಅದು ಕದಲಿದರೆ ಹಿಂದಿನ ಮಂತ್ರಿ ಹೋದಂತೆಯೇ. ಆದರೂ ಕುದುರೆ ಕದಲುತ್ತದೆ! ಆಸೆಗೆ ಬಿದ್ದು ಮಂತ್ರಿಯನ್ನು ಕಡಿದರೆ ಎರಡು ಒಂಟೆ, ಒಂದು ಕುದುರೆ ಸೇರಿ ಎಂಟನೆಯ ನಡೆಗೇ ಬಿಳಿ ರಾಜನಿಗೆ ಚೆಕ್‌ಮೇಟ್ ಕೊಡುತ್ತವೆ.

ಇದಕ್ಕೆ ಮದ್ದಿಲ್ಲವೆಂದಲ್ಲ. ಆ ಒಂಟೆಯನ್ನು ಮುಂದಕ್ಕೆ ಓಡಿಸುವ ಬದಲು ಇನ್ನೊಂದು ಒಂಟೆಯನ್ನು ರಾಜನ ಮುಂದಿನ ಮನೆಯಲ್ಲಿ ನಿಲ್ಲಿಸಿದರೆ ಬಲೆ ಹರಿಯುತ್ತದೆ. ಕಪ್ಪು ಕಾಯಿಯವನಿಗೆ ಕಾಲಾಳಿನ ನಷ್ಟವಷ್ಟೇ ಉಳಿಯುತ್ತದೆ. ಆದರೆ ಆ ಮದ್ದು ಹುಡುಕಲು ಸಮಯ ಬೇಕು. ಗಡಿಯಾರದಲ್ಲಿ ಸೆಕೆಂಡುಗಳು ಸೋರುತ್ತಿರುವಾಗ ದಾಳಿ ಮಾಡುವವನಿಗೆ ಮುಂದಿನ ನಡೆ ಬಾಯಿಪಾಠ. ತಡೆಯುವವನಿಗೆ ಎಲ್ಲವೂ ಹೊಸತು. ಗ್ಯಾಂಬಿಟ್ ಗೆಲ್ಲುವುದು ಅದು ಸರಿಯಾದ ನಡೆಯೆಂದಲ್ಲ, ತಪ್ಪೆಂದು ತೋರಿಸಿಕೊಡಲು ಎದುರಾಳಿಗೆ ಪುರುಸೊತ್ತಿಲ್ಲವೆಂದು.

ಎಡವುವುದೂ ಇಲ್ಲೇ. ಟೂರ್ನಿಯ ದೀರ್ಘ ಆಟದಲ್ಲಿ ಎದುರು ಕುಳಿತವನ ಬಳಿ ಸಾಮಾನ್ಯವಾಗಿ ಒಂದೂವರೆ ಗಂಟೆಯೋ ಅದಕ್ಕೂ ಹೆಚ್ಚೋ ಇರುತ್ತದೆ. ಮೊಬೈಲಿನಲ್ಲಿ ನೂರು ಸಲ ಗೆದ್ದುಕೊಟ್ಟ ನಡೆ ಅಲ್ಲಿ ಮೊದಲ ಸಲವೇ ಸೋಲಿಸಬಹುದು. ಹಾಗೆಂದು ಮಕ್ಕಳಿಗೆ ಗ್ಯಾಂಬಿಟ್ ಬೇಡವೆನ್ನುವುದು ಸರಿಯಲ್ಲ. ದಾಳಿಯ ಧೈರ್ಯವನ್ನೂ ಕಾಯಿಗಳ ಹೊಂದಾಣಿಕೆಯನ್ನೂ ಅದು ಬೇಗ ಕಲಿಸುತ್ತದೆ. ಗೆದ್ದ ಬಳಿಕ ಅದೇ ಆಟವನ್ನು ಮತ್ತೆ ಪಟದ ಮೇಲಿಟ್ಟು, ಎದುರಾಳಿ ಎಲ್ಲಿ ತಪ್ಪಿಸಿಕೊಳ್ಳಬಹುದಿತ್ತು ಎಂದು ನಿಧಾನವಾಗಿ ಹುಡುಕಿದರೆ ಮೂರು ನಿಮಿಷದ ಆಟವೂ ಪಾಠವಾಗುತ್ತದೆ.