ಬಂದ ಕಾಲ, ತೆರೆದಿದ್ದ ಬಾಗಿಲು: ಅಮೆರಿಕದ ಗ್ರೀಕರೂ ಇಥಿಯೋಪಿಯನ್ನರೂ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನೆಲೆಸಿರುವ ವಲಸಿಗ ಸಮುದಾಯಗಳನ್ನು ಆದಾಯ, ಓದು, ಸ್ವಂತ ಮನೆ ಇವುಗಳ ಲೆಕ್ಕ ಹಿಡಿದು ಅಕ್ಕಪಕ್ಕ ಇಟ್ಟು ಅಳೆಯುವ ರೂಢಿ ಬಹಳ ಕಾಲದಿಂದ ಇದೆ. ಹಾಗೆ ಅಳೆದಾಗ ಗ್ರೀಕ್ ಮೂಲದವರು ದೇಶದ ಸಾಮಾನ್ಯ ಮಟ್ಟಕ್ಕಿಂತ ಮೇಲೆಯೂ, ಇಥಿಯೋಪಿಯದಿಂದ ಬಂದವರು ಅದಕ್ಕಿಂತ ಕೆಳಗೂ ನಿಲ್ಲುತ್ತಾರೆ. ವಲಸೆಯ ಅಧ್ಯಯನಕ್ಕೆ ಹೆಸರಾದ ಮೈಗ್ರೇಷನ್ ಪಾಲಿಸಿ ಇನ್‌ಸ್ಟಿಟ್ಯೂಟ್ 2014ರಲ್ಲಿ ಹೊರತಂದ ವರದಿಯ ಪ್ರಕಾರ, ಇಥಿಯೋಪಿಯದಿಂದ ಬಂದವರೂ ಅವರ ಮಕ್ಕಳೂ ಸೇರಿ ಸುಮಾರು 2,51,000 ಮಂದಿ ಆ ದೇಶದಲ್ಲಿದ್ದರು. ಅವರ ಕುಟುಂಬಗಳ ವಾರ್ಷಿಕ ಮಧ್ಯಾಂಕ ಆದಾಯ, ಅಂದರೆ ಎಲ್ಲ ಕುಟುಂಬಗಳನ್ನೂ ಆದಾಯದ ಕ್ರಮದಲ್ಲಿ ನಿಲ್ಲಿಸಿದಾಗ ನಟ್ಟನಡುವೆ ಬರುವ ಕುಟುಂಬದ ಗಳಿಕೆ, 36,000 ಡಾಲರ್ ಇತ್ತು. ಇಡೀ ದೇಶದ ಮಧ್ಯಾಂಕ ಆಗ 50,000 ಡಾಲರ್. ಅಂಕಿಗಳಲ್ಲಿ ತಪ್ಪಿಲ್ಲ. ಆದರೆ ಅವನ್ನು ಮುಂದಿಟ್ಟುಕೊಂಡು ಗ್ರೀಕರು ಸ್ವಭಾವತಃ ವ್ಯಾಪಾರಬುದ್ಧಿಯವರು, ಇಥಿಯೋಪಿಯನ್ನರಲ್ಲಿ ಆ ಗುಣ ಕಡಿಮೆ ಎಂದು ತೀರ್ಮಾನಿಸುವುದು ಎರಡೂ ಸಮುದಾಯಗಳ ಇತಿಹಾಸವನ್ನು ಓದದೆ ಕೊಡುವ ತೀರ್ಪು. ಇಂದಿನ ಗ್ರೀಕ್ ಅಮೆರಿಕನ್ನರಲ್ಲಿ ಹೆಚ್ಚಿನವರು ವಲಸೆ ಬಂದವರ ಮೊಮ್ಮಕ್ಕಳು, ಮರಿಮಕ್ಕಳು. ಇಥಿಯೋಪಿಯನ್ನರಲ್ಲಿ ಹೆಚ್ಚಿನವರು ತಾವೇ ವಿಮಾನದಿಂದ ಇಳಿದವರು.

ಗ್ರೀಕರ ವಲಸೆಗೆ ಮೂಲ ಒಣದ್ರಾಕ್ಷಿಯ ಬೆಲೆ. ದಕ್ಷಿಣ ಗ್ರೀಸಿನ ಪೆಲೊಪೊನೀಸ್ ಪ್ರಾಂತದ ರೈತರು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಬೇರೆ ಬೆಳೆಗಳನ್ನು ಬಿಟ್ಟು ರಫ್ತಿಗಾಗಿ ದ್ರಾಕ್ಷಿಯನ್ನೇ ನಂಬಿಕೊಂಡಿದ್ದರು. 1893ರ ಹೊತ್ತಿಗೆ ಆ ಬೆಲೆ ಕುಸಿದುಬಿತ್ತು, ಅದೇ ವರ್ಷ ಗ್ರೀಸ್ ಸರ್ಕಾರವೂ ಸಾಲ ತೀರಿಸಲಾಗದೆ ದಿವಾಳಿಯಾಯಿತು. ಅಲ್ಲಿಂದ 1924ರ ತನಕ ಸುಮಾರು 4 ಲಕ್ಷ ಗ್ರೀಕರು ಅಮೆರಿಕಕ್ಕೆ ಹೋದರು. ಆರಂಭದ ವರ್ಷಗಳಲ್ಲಿ ಅವರಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಗಂಡಸರು, ಅದರಲ್ಲೂ ಹಳ್ಳಿಯ ಹುಡುಗರು; ತಂಗಿಯರ ವರದಕ್ಷಿಣೆಗೆ, ಅಪ್ಪನ ಸಾಲಕ್ಕೆ ಹಣ ಕೂಡಿಸಿ ಊರಿಗೆ ಮರಳುವುದು ಅವರ ಉದ್ದೇಶವಾಗಿತ್ತು. ಹೆಚ್ಚುಕಡಿಮೆ ಅರ್ಧದಷ್ಟು ಜನ ಮರಳಿಯೂ ಹೋದರು. ಹೋಲಿಕೆ ಮಾಡುವವರು ಮರೆಯುವ ಮುಖ್ಯ ಸಂಗತಿ ಇದು: ಕೈ ಹತ್ತದವರಲ್ಲಿ, ಕಾಯಿಲೆ ಬಿದ್ದವರಲ್ಲಿ, ಮನಸ್ಸು ಒಗ್ಗದವರಲ್ಲಿ ಬಹಳಷ್ಟು ಮಂದಿ ಹಡಗು ಹತ್ತಿ ಊರು ಸೇರಿದ್ದರಿಂದ, ನಂತರದ ಜನಗಣತಿಗಳಲ್ಲಿ ಎಣಿಕೆಗೆ ಸಿಕ್ಕವರು ಬಹುಮಟ್ಟಿಗೆ ನೆಲೆ ಕಂಡುಕೊಂಡವರು. ಇಥಿಯೋಪಿಯದ ನಿರಾಶ್ರಿತನಿಗೆ ಹಾಗೆ ಮರಳಿ ಹೋಗುವ ದಾರಿಯೇ ಇರಲಿಲ್ಲ.

ಉಳಿದ ಗ್ರೀಕರ ಪಾಡು ಸುಖದ್ದೇನೂ ಆಗಿರಲಿಲ್ಲ. ಮ್ಯಾಸಚೂಸೆಟ್ಸ್‌ನ ಲೊವೆಲ್ ಪಟ್ಟಣದ ಬಟ್ಟೆ ಗಿರಣಿಗಳಲ್ಲಿ, ಪಶ್ಚಿಮದ ರೈಲುಹಾದಿಗಳಲ್ಲಿ, ಯೂಟಾ ಮತ್ತು ಕೊಲರಾಡೊ ರಾಜ್ಯಗಳ ಗಣಿಗಳಲ್ಲಿ ಅವರು ದುಡಿದರು; ನಗರಗಳಲ್ಲಿ ಬೂಟು ಪಾಲಿಶ್ ಮಾಡುವ ಹುಡುಗರಾಗಿ ಚಾಕರಿಗೆ ಬಿದ್ದರು. ಕೆಲಸ ಕೊಡಿಸುತ್ತಿದ್ದವರು 'ಪದ್ರೋನೆ' ಎಂದು ಕರೆಸಿಕೊಂಡ ದಲ್ಲಾಳಿಗಳು, ಅಂದರೆ ಕಂಪನಿಗೆ ಆಳುಗಳನ್ನು ಒದಗಿಸಿ ಆಳುಗಳ ಸಂಬಳದಿಂದಲೇ ತಮ್ಮ ಪಾಲು ಕೀಳುತ್ತಿದ್ದ ಸ್ವಂತ ನಾಡಿನವರೇ. ಯೂಟಾದ ಬಿಂಗಮ್ ಕಣಿವೆಯ ತಾಮ್ರದ ಗಣಿಯಲ್ಲಿ 1912ರಲ್ಲಿ ನಡೆದ ಮುಷ್ಕರದಲ್ಲಿ ಗ್ರೀಕ್ ಕಾರ್ಮಿಕರ ಮುಖ್ಯ ಬೇಡಿಕೆಗಳಲ್ಲೊಂದು ಲಿಯೊನಿಡಾಸ್ ಸ್ಕ್ಲಿರಿಸ್ ಎಂಬ ಅಂಥ ದಲ್ಲಾಳಿಯನ್ನು ತೊಲಗಿಸಬೇಕೆಂಬುದಾಗಿತ್ತು. 1909ರ ಫೆಬ್ರುವರಿಯಲ್ಲಿ ನೆಬ್ರಾಸ್ಕಾದ ಸೌತ್ ಒಮಾಹಾದಲ್ಲಿ ಒಬ್ಬ ಪೊಲೀಸನ ಕೊಲೆಯ ನೆಪದಲ್ಲಿ ಎದ್ದ ಗುಂಪು ಗ್ರೀಕರ ಕೇರಿಗೆ ಬೆಂಕಿಯಿಟ್ಟು, ಕೊಲೆಗೆ ಯಾವ ಸಂಬಂಧವೂ ಇಲ್ಲದವರನ್ನೆಲ್ಲ ಊರಿನಿಂದ ಓಡಿಸಿತು. 1914ರ ಏಪ್ರಿಲ್ 20ರಂದು ಕೊಲರಾಡೊದ ಲಡ್ಲೊದಲ್ಲಿ, ಮುಷ್ಕರನಿರತ ಕಲ್ಲಿದ್ದಲು ಗಣಿಗಾರರ ಡೇರೆಗಳ ಮೇಲೆ ರಾಜ್ಯದ ಸೈನಿಕರು ಗುಂಡು ಹಾರಿಸಿ ಬೆಂಕಿ ಹಚ್ಚಿದ ದಿನ, ಹನ್ನೊಂದು ಮಕ್ಕಳೂ ಇಬ್ಬರು ಹೆಂಗಸರೂ ಒಂದು ಡೇರೆಯ ಕೆಳಗಿನ ಗುಂಡಿಯಲ್ಲಿ ಉಸಿರುಗಟ್ಟಿ ಸತ್ತರು. ಡೇರೆವಾಸಿಗಳ ಮುಂದಾಳು, ಕ್ರೀಟ್ ದ್ವೀಪದ ಲೂಯಿ ಟಿಕಾಸ್ ಗುಂಡಿಗೆ ಬಲಿಯಾದ. ಗ್ರೀಕರನ್ನು ಆಗ ಅಮೆರಿಕ ಬರಮಾಡಿಕೊಂಡದ್ದು ಹೀಗೆ.

ಕೂ ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ಹಿಂಸಾವಾದಿ ಸಂಘದ ಹಾವಳಿ ದಕ್ಷಿಣದಲ್ಲಿ ಹೆಚ್ಚಿದಾಗ, ಅಟ್ಲಾಂಟಾದ ಗ್ರೀಕ್ ವ್ಯಾಪಾರಿಗಳು 1922ರಲ್ಲಿ ಅಹೆಪಾ ಎಂಬ ಸಂಸ್ಥೆಯನ್ನು ಕಟ್ಟಿ, ಅದರ ವ್ಯವಹಾರದ ಭಾಷೆ ಇಂಗ್ಲಿಷ್ ಎಂದೂ, ಸದಸ್ಯರು ಅಮೆರಿಕದ ಪೌರತ್ವ ಪಡೆಯಬೇಕೆಂದೂ ಒತ್ತಿ ಹೇಳಿದರು. ಅದು ಭಾಷಾಪ್ರೇಮದ ಕೊರತೆಯಲ್ಲ, ಬದುಕುವ ಉಪಾಯ. ಆದರೆ ಆ ಉಪಾಯ ಫಲಿಸಿದ್ದು ಕಾನೂನು ಅವರನ್ನು ಮೊದಲಿನಿಂದಲೂ 'ಬಿಳಿಯರು' ಎಂಬ ಪಟ್ಟಿಯಲ್ಲಿ ಇಟ್ಟಿದ್ದರಿಂದ. ಬೀದಿಯಲ್ಲಿ ಹೀಯಾಳಿಸಿದವರಿದ್ದರೂ ನ್ಯಾಯಾಲಯದಲ್ಲಿ, ಬ್ಯಾಂಕಿನಲ್ಲಿ, ಮನೆ ಕೊಳ್ಳುವ ಕರಾರುಪತ್ರದಲ್ಲಿ ಅವರು ಕಪ್ಪು ಜನರ ಸಾಲಿಗೆ ಸೇರಲಿಲ್ಲ. 1924ರ ವಲಸೆ ಕಾನೂನು ಗ್ರೀಸಿನಿಂದ ವರ್ಷಕ್ಕೆ ಕೇವಲ 100 ಜನರಿಗೆ ಪ್ರವೇಶ ಎಂದು ಮಿತಿ ಹಾಕಿ ಹೊಸಬರ ಬರವನ್ನು ಬಹುಮಟ್ಟಿಗೆ ನಿಲ್ಲಿಸಿತು. ಹೀಗಾಗಿ ಒಳಗಿದ್ದವರ ಮಕ್ಕಳು ನಲವತ್ತು ವರ್ಷ ಕಾಲ ಹೊಸ ಬಡವಲಸಿಗರ ಹೆಚ್ಚಿನ ಬೆರಕೆಯಿಲ್ಲದೆ ಬೆಳೆದರು. 1944ರಲ್ಲಿ ಯುದ್ಧದಿಂದ ಮರಳುವ ಸೈನಿಕರಿಗಾಗಿ ಬಂದ 'ಜಿ.ಐ. ಬಿಲ್' ಎಂಬ ಕಾನೂನು ಕಾಲೇಜಿನ ಶುಲ್ಕವನ್ನೂ ಮನೆಸಾಲದ ಖಾತರಿಯನ್ನೂ ಕೊಟ್ಟಿತು. ಗ್ರೀಕ್ ತರುಣರು ಅದನ್ನು ಬಳಸಿಕೊಂಡು ವಕೀಲರಾದರು, ಎಂಜಿನಿಯರರಾದರು, ಉಪನಗರಗಳಲ್ಲಿ ಮನೆ ಕೊಂಡರು. ಅದೇ ಯುದ್ಧದಲ್ಲಿ ಹೋರಾಡಿದ ಕಪ್ಪು ಸೈನಿಕರಲ್ಲಿ ಬಹುತೇಕರಿಗೆ ಆ ಸಾಲವನ್ನು ಸ್ಥಳೀಯ ಬ್ಯಾಂಕುಗಳು ಕೊಡಲಿಲ್ಲ. ಅಮೆರಿಕದಲ್ಲಿ ಮಧ್ಯಮ ವರ್ಗದ ಆಸ್ತಿಯೆಂದರೆ ಮುಖ್ಯವಾಗಿ ಮನೆ. ಅದನ್ನು ಕೊಳ್ಳುವ ಅವಕಾಶ ಯಾವ ದಶಕದಲ್ಲಿ ಯಾರಿಗೆ ಸಿಕ್ಕಿತು ಎಂಬುದು ಮೊಮ್ಮಕ್ಕಳ ಆದಾಯದ ಅಂಕಿಗಳನ್ನೂ ನಿರ್ಧರಿಸಿದೆ.

ರಾಷ್ಟ್ರವಾರು ಮಿತಿಯನ್ನು ತೆಗೆದುಹಾಕಿದ 1965ರ ಕಾನೂನಿನ ನಂತರ ಒಂದೂವರೆ ಲಕ್ಷದಷ್ಟು ಗ್ರೀಕರು ಮತ್ತೆ ಬಂದರು. ಆದರೆ ಈ ಸಲ ಬಂದವರಿಗೆ ಇಳಿಯಲು ನ್ಯೂಯಾರ್ಕಿನ ಅಸ್ಟೋರಿಯಾದಂಥ ಬಡಾವಣೆಗಳೂ, ಸೇರಿಕೊಳ್ಳಲು ನೆಂಟರ ಹೋಟೆಲುಗಳೂ ಸಿದ್ಧವಾಗಿದ್ದವು. ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿದವನು ಅಡುಗೆ ಕಲಿತು, ಪಾಲುದಾರನಾಗಿ, ಕೊನೆಗೆ 'ಡೈನರ್' ಎಂಬ ದಿನವಿಡೀ ತೆರೆದಿರುವ ಊಟದ ಅಂಗಡಿಯ ಒಡೆಯನಾಗುವ ಏಣಿ ಅದು. ಆ ಡೈನರುಗಳಲ್ಲಿ ಬಡಿಸುತ್ತಿದ್ದದ್ದು ಬಹುಮಟ್ಟಿಗೆ ಅಮೆರಿಕನ್ನರದೇ ಊಟ: ಮೊಟ್ಟೆ, ಹ್ಯಾಂಬರ್ಗರ್, ಕಾಫಿ.

ಇಥಿಯೋಪಿಯದ ಕಥೆ ಶುರುವಾಗುವುದು ಇನ್ನೊಂದು ತುದಿಯಿಂದ. 1974ರ ಸೆಪ್ಟೆಂಬರಿನಲ್ಲಿ ಚಕ್ರವರ್ತಿ ಹೈಲೆ ಸೆಲಾಸಿಯನ್ನು ಪದಚ್ಯುತಗೊಳಿಸಿ 'ದೆರ್ಗ್' ಎಂಬ ಸೇನಾ ಮಂಡಳಿ ಅಧಿಕಾರ ಹಿಡಿಯುವ ಮೊದಲು ಅಮೆರಿಕಕ್ಕೆ ಹೋಗುತ್ತಿದ್ದವರು ವಿದ್ಯಾರ್ಥಿಗಳು. ಓದು ಮುಗಿದ ಮೇಲೆ ಅವರಲ್ಲಿ ಹೆಚ್ಚಿನವರು ಊರಿಗೆ ಮರಳಿ ಸರ್ಕಾರಿ ಹುದ್ದೆ ಹಿಡಿಯುತ್ತಿದ್ದರು. ದೆರ್ಗ್‌ನ ಮುಖ್ಯಸ್ಥ ಮೆಂಗಿಸ್ಟು ಹೈಲೆ ಮರಿಯಂನ ಆಳ್ವಿಕೆಯಲ್ಲಿ 1977-78ರಲ್ಲಿ ನಡೆದ 'ಕೆಂಪು ಭಯೋತ್ಪಾದನೆ' ಎಂಬ ಕಗ್ಗೊಲೆಯ ಗುರಿ ವಿದ್ಯಾವಂತ ತರುಣ ತರುಣಿಯರೇ ಆಗಿದ್ದರು. ತಪ್ಪಿಸಿಕೊಂಡವರು ಕಾಲ್ನಡಿಗೆಯಲ್ಲಿ ಸುಡಾನಿನ ಗಡಿ ದಾಟಿ, ಶಿಬಿರಗಳಲ್ಲಿ ವರ್ಷಗಟ್ಟಲೆ ಕಾದು, ಅಮೆರಿಕದ 1980ರ ನಿರಾಶ್ರಿತರ ಕಾನೂನಿನಡಿ ಹೊಸ ದೇಶ ಸೇರಿದರು. 1990ರ ಕಾನೂನು ಹುಟ್ಟುಹಾಕಿ 1995ರಿಂದ ಜಾರಿಗೆ ಬಂದ 'ಡೈವರ್ಸಿಟಿ ವೀಸಾ', ಅಂದರೆ ಕಡಿಮೆ ವಲಸಿಗರಿರುವ ದೇಶಗಳ ಅರ್ಜಿದಾರರಲ್ಲಿ ಲಾಟರಿ ಎತ್ತಿ ಕೊಡುವ ಪರವಾನಗಿ, ಎರಡನೆಯ ದೊಡ್ಡ ಅಲೆಯನ್ನು ತಂದಿತು. ಅದಕ್ಕೆ ಅರ್ಜಿ ಹಾಕಲು ಪ್ರೌಢಶಿಕ್ಷಣ ಮುಗಿಸಿರಬೇಕು, ಇಲ್ಲವೇ ತರಬೇತಿ ಬೇಡುವ ಕಸುಬಿನಲ್ಲಿ ಎರಡು ವರ್ಷದ ಅನುಭವವಿರಬೇಕು. ಅಂದ ಮೇಲೆ, ಬಂದಿಳಿದ ದಿನವನ್ನು ಬಂದಿಳಿದ ದಿನದೊಡನೆ ಹೋಲಿಸಿದರೆ ಇಥಿಯೋಪಿಯದವರು ಪೆಲೊಪೊನೀಸಿನ ಹಳ್ಳಿಗರಿಗಿಂತ ಎಷ್ಟೋ ಹೆಚ್ಚು ಓದಿದವರು.

ಆ ಓದು ಅವರಿಗೆ ತಕ್ಕ ಕೆಲಸ ಕೊಡಲಿಲ್ಲ ಎಂಬುದೇ ಈ ಹೋಲಿಕೆಯ ನೋವಿನ ಭಾಗ. ಆಡಿಸ್ ಅಬಾಬದ ಪದವಿಗೆ ಅಮೆರಿಕದಲ್ಲಿ ಮಾನ್ಯತೆ ಪಡೆಯಲು ಮತ್ತೆ ಪರೀಕ್ಷೆ, ಮತ್ತೆ ಶುಲ್ಕ, ಮತ್ತೆ ವರ್ಷಗಳು ಬೇಕು. ಊರಿನಲ್ಲಿ ಹಣಕ್ಕಾಗಿ ಕಾದಿರುವ ತಂದೆತಾಯಿ ಇದ್ದಾಗ ಅಷ್ಟು ಕಾಯಲಾಗುವುದಿಲ್ಲ. ಆದ್ದರಿಂದ ಶಿಕ್ಷಕರು, ಲೆಕ್ಕಪರಿಶೋಧಕರು, ಎಂಜಿನಿಯರರು ವಾಷಿಂಗ್ಟನ್ ನಗರದ ಪಾರ್ಕಿಂಗ್ ಕಟ್ಟಡಗಳಲ್ಲಿ ಚೀಟಿ ಹರಿದುಕೊಡುವ ಕೆಲಸಕ್ಕೆ, ಪೆಟ್ರೋಲ್ ಬಂಕಿಗೆ, ಟ್ಯಾಕ್ಸಿಗೆ ಹೋದರು. ಟ್ಯಾಕ್ಸಿಯನ್ನು ಆರಿಸಿಕೊಂಡದ್ದಕ್ಕೂ ಕಾರಣವಿತ್ತು: ನ್ಯೂಯಾರ್ಕಿನಲ್ಲಿದ್ದಂತೆ ಟ್ಯಾಕ್ಸಿಗಳ ಸಂಖ್ಯೆಗೆ ಮಿತಿ ಹಾಕಿ ಪರವಾನಗಿಯ ಬೆಲೆಯನ್ನು ಆಕಾಶಕ್ಕೇರಿಸುವ ಪದ್ಧತಿ ವಾಷಿಂಗ್ಟನ್ನಿನಲ್ಲಿ ಇರಲಿಲ್ಲವಾದ್ದರಿಂದ, ಸ್ವಲ್ಪ ಹಣವುಳ್ಳವನೂ ಅಲ್ಲಿ ತನ್ನದೇ ಕಾರಿನ ಒಡೆಯನಾಗಬಹುದಿತ್ತು. ಗ್ರೀಕನಿಗೆ ಡೈನರ್ ಇದ್ದಂತೆ ಇಥಿಯೋಪಿಯನ್ನನಿಗೆ ಟ್ಯಾಕ್ಸಿ. ವ್ಯತ್ಯಾಸವೆಂದರೆ ಡೈನರ್ ಬೆಳೆಯುತ್ತದೆ, ಆಳುಗಳನ್ನಿಡುತ್ತದೆ, ಮಾರಿದರೆ ಬೆಲೆ ತರುತ್ತದೆ. ಟ್ಯಾಕ್ಸಿ ಓಡಿಸುವವನು ಮಲಗಿದರೆ ಗಳಿಕೆಯೂ ಮಲಗುತ್ತದೆ. ಮೊಬೈಲಿನಲ್ಲಿ ಕರೆಸುವ ಊಬರ್, ಲಿಫ್ಟ್ ಸೇವೆಗಳು ಬಂದ ಮೇಲೆ ಆ ಗಳಿಕೆಯೂ ಇಳಿಯಿತು. ಇತ್ತ ಮಹಿಳೆಯರು ದಾದಿಯರ ತರಬೇತಿ ಪಡೆದು ಆಸ್ಪತ್ರೆಗಳಲ್ಲೂ ವೃದ್ಧರ ಮನೆಗಳಲ್ಲೂ ದುಡಿದು ಸಂಸಾರ ನಿಲ್ಲಿಸಿದ್ದು, ಹೆಂಗಸರೇ ವಿರಳವಾಗಿದ್ದ ಮೊದಲ ತಲೆಮಾರಿನ ಗ್ರೀಕ್ ವಸಾಹತುಗಳಲ್ಲಿ ಕಾಣದ ಸಂಗತಿ.

ಪರಸ್ಪರ ನೆರವಿನ ವಿಷಯದಲ್ಲಿ ಇಥಿಯೋಪಿಯನ್ನರು ಯಾರಿಗೂ ಕಡಿಮೆಯಿಲ್ಲ. 'ಎಕುಬ್' ಎಂಬ ಅವರ ಪದ್ಧತಿ ಕರ್ನಾಟಕದ ಓದುಗರಿಗೆ ಹೊಸದೆನಿಸದು. ಪರಿಚಿತರು ತಿಂಗಳಿಗಿಷ್ಟು ಎಂದು ಹಣ ಹಾಕಿ ಸರದಿಯ ಪ್ರಕಾರ ಒಬ್ಬೊಬ್ಬರು ಪೂರ್ತಿ ಮೊತ್ತ ಎತ್ತಿಕೊಳ್ಳುವ ಅದು ಇಲ್ಲಿನ ಚೀಟಿಯ ಒಡಹುಟ್ಟಿನಂತಿದೆ. ಬ್ಯಾಂಕು ಸಾಲ ಕೊಡದವರಿಗೆ ಹೋಟೆಲಿನ ಮುಂಗಡ, ಟ್ಯಾಕ್ಸಿಯ ಬೆಲೆ ಹುಟ್ಟುತ್ತಿದ್ದದ್ದು ಅದರಿಂದ. 'ಇದಿರ್' ಎಂಬುದು ಸಾವಿನ ಮನೆಗೆ ಆಸರೆಯಾಗುವ ಸಂಘ. ಪರದೇಶದಲ್ಲಿ ಸತ್ತವನ ದೇಹವನ್ನು ಹುಟ್ಟಿದೂರಿಗೆ ಕಳಿಸುವ ಖರ್ಚನ್ನು ಎಲ್ಲರೂ ಹಂಚಿಕೊಳ್ಳುವುದು ಅದರ ಕೆಲಸ. ನಂಬಿಕೆ, ಉಳಿತಾಯ, ದುಡಿಮೆ ಇವೇ ಸಮೃದ್ಧಿಗೆ ಸಾಕಾಗಿದ್ದರೆ ಎರಡು ಸಮುದಾಯಗಳ ಆದಾಯದಲ್ಲಿ ಅಂತರ ಉಳಿಯಲು ಕಾರಣವಿರಲಿಲ್ಲ.

ಸಾಕಾಗದಿರುವುದಕ್ಕೆ ಬಣ್ಣವೂ ಒಂದು ಕಾರಣ. 1988ರ ನವೆಂಬರಿನಲ್ಲಿ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ಮುಲುಗೆಟಾ ಸೆರಾ ಎಂಬ ಇಥಿಯೋಪಿಯದ ವಿದ್ಯಾರ್ಥಿಯನ್ನು ವರ್ಣದ್ವೇಷಿಗಳು ಬಡಿದು ಕೊಂದರು. ಗ್ರೀಕರ ಮೇಲಿನ ಹಿಂಸೆ ಒಂದು ತಲೆಮಾರಿನಲ್ಲಿ ಮರೆಗೆ ಸರಿಯಿತು, ಏಕೆಂದರೆ ಅವರ ಮಕ್ಕಳು ನೋಡಲು ಬೇರೆ ಬಿಳಿಯರಂತೆಯೇ ಇದ್ದರು. ಇಥಿಯೋಪಿಯನ್ನರ ಮಕ್ಕಳು ಎಷ್ಟೇ ಚೆನ್ನಾಗಿ ಇಂಗ್ಲಿಷ್ ಆಡಿದರೂ ಕಪ್ಪು ಅಮೆರಿಕನ್ನರು ಅನುಭವಿಸುವ ಅನುಮಾನದ ನೋಟವನ್ನು ಅವರೂ ಅನುಭವಿಸುತ್ತಾರೆ. ಹಾಗೆಂದು ಕಪ್ಪು ಅಮೆರಿಕನ್ನರೊಡನೆ ಅವರ ಸಂಬಂಧ ಸಲೀಸಾಗಿಯೂ ಇಲ್ಲ. ವಾಷಿಂಗ್ಟನ್ನಿನ ಯು ಸ್ಟ್ರೀಟ್ ಬಳಿಯ ಒಂಬತ್ತನೆಯ ಬೀದಿಯ ಪಾಳುಬಿದ್ದ ಅಂಗಡಿಗಳನ್ನು ಹಿಡಿದು ಜೀವ ತುಂಬಿದ ಇಥಿಯೋಪಿಯದ ವ್ಯಾಪಾರಿಗಳು 2005ರಲ್ಲಿ ಅದಕ್ಕೆ 'ಲಿಟಲ್ ಇಥಿಯೋಪಿಯ' ಎಂಬ ಅಧಿಕೃತ ಹೆಸರು ಬಯಸಿದಾಗ, ಅದು ಕಪ್ಪು ಸಂಗೀತಗಾರರ ಚರಿತ್ರೆಯುಳ್ಳ ಪ್ರದೇಶವೆಂದು ಹಳೆಯ ನಿವಾಸಿಗಳು ವಿರೋಧಿಸಿದರು. ಎರಡು ಕಡೆಯ ಮಾತಿನಲ್ಲೂ ನ್ಯಾಯವಿತ್ತು. ಲಾಸ್ ಏಂಜಲೀಸಿನಲ್ಲಿ ಮಾತ್ರ ಫೇರ್‌ಫ್ಯಾಕ್ಸ್ ಅವೆನ್ಯೂದ ಒಂದು ಭಾಗಕ್ಕೆ 2002ರಲ್ಲೇ ಆ ಹೆಸರು ಸಿಕ್ಕಿತ್ತು. ಬಾಡಿಗೆ ಏರಿದಂತೆ ವಾಷಿಂಗ್ಟನ್ನಿನ ಬಹಳಷ್ಟು ಕುಟುಂಬಗಳು ಸಿಲ್ವರ್ ಸ್ಪ್ರಿಂಗ್, ಅಲೆಕ್ಸಾಂಡ್ರಿಯಾ ಉಪನಗರಗಳಿಗೆ ಸರಿದವು. ಬೀದಿಯ ಬೆಲೆ ಏರಿಸಿದವರಿಗೆ ಆ ಏರಿಕೆಯ ಲಾಭ ಸಿಗದೇ ಹೋದದ್ದು ಅನ್ಯಾಯವೇ ಸರಿ.

ರಾಜಕೀಯ ಒಡಕು ಇಬ್ಬರನ್ನೂ ಕಾಡಿದೆ. ರಾಜನ ಪರ ಹಾಗೂ ಪ್ರಧಾನಿ ವೆನಿಜೆಲೋಸ್ ಪರ ಎಂದು ಒಡೆದ ಗ್ರೀಸಿನ ಜಗಳ 1920ರ ದಶಕದಲ್ಲಿ ಅಮೆರಿಕದ ಗ್ರೀಕ್ ಚರ್ಚುಗಳನ್ನೂ ಸೀಳಿತ್ತು. 1931ರಲ್ಲಿ ಬಂದ ಆರ್ಚ್‌ಬಿಷಪ್ ಅಥೆನಾಗೊರಸ್ ಅವನ್ನು ಒಂದುಗೂಡಿಸಲು ವರ್ಷಗಳೇ ಹಿಡಿದವು. ಇಥಿಯೋಪಿಯದ ಆರ್ಥೊಡಾಕ್ಸ್ ಚರ್ಚು 1991ರ ಆಳ್ವಿಕೆ ಬದಲಾವಣೆಯ ನಂತರ ಸ್ವದೇಶ ಮತ್ತು ಪರದೇಶದ ಎರಡು ಆಡಳಿತಗಳಾಗಿ ಒಡೆದು, 2018ರಲ್ಲಿ ಒಂದಾಯಿತು. ಆದರೆ ಅಮ್ಹಾರ, ಒರೊಮೊ, ತಿಗ್ರಾಯ ಜನರ ನಡುವಿನ ಬಿರುಕು 2020ರಿಂದ 2022ರ ತನಕ ನಡೆದ ತಿಗ್ರಾಯ ಯುದ್ಧದಲ್ಲಿ ಇನ್ನೂ ಆಳವಾಯಿತು. ಒಡೆದ ಸಮುದಾಯಕ್ಕೆ ಮತದ ಬಲವೂ ಒಡೆದೇ ಇರುತ್ತದೆ.

ಹೀಗಿದ್ದರೂ ನೆಲೆಯೂರುವ ಕೆಲಸ ನಡೆದೇ ಇದೆ. ವಾಷಿಂಗ್ಟನ್ ನಗರದ 2004ರ ಭಾಷಾ ಕಾನೂನಿನಡಿ ಸರ್ಕಾರಿ ಕಚೇರಿಗಳ ಕಾಗದಪತ್ರ ದೊರೆಯಬೇಕಾದ ಭಾಷೆಗಳಲ್ಲಿ ಇಥಿಯೋಪಿಯದ ಅಮ್ಹಾರಿಕ್ ಕೂಡ ಸೇರಿದೆ. ಇಂಜೆರಾ ಎಂಬ ಹುದುಗು ಬರಿಸಿದ ಹಿಟ್ಟಿನ ಅಗಲವಾದ ರೊಟ್ಟಿಗೆ ಬೇಕಾದ ಟೆಫ್ ಧಾನ್ಯ ಐಡಾಹೊ ರಾಜ್ಯದ ಹೊಲಗಳಲ್ಲಿ ಬೆಳೆಯುತ್ತಿದೆ. ಕನ್ನಡನಾಡಿನ ರಾಗಿಯೂ ಅದೇ ಪೂರ್ವ ಆಫ್ರಿಕದ ಎತ್ತರದ ನೆಲದಿಂದ ಬಂದದ್ದೆಂಬುದನ್ನು ತಿಳಿದವರಿಗೆ ಈ ಸಂಗತಿ ಆಪ್ಯಾಯಮಾನವೆನಿಸೀತು. ಆಡಿಸ್ ಅಬಾಬದಲ್ಲಿ ಹುಟ್ಟಿದ ದಿನಾವ್ ಮೆಂಗೆಸ್ಟು 2007ರಲ್ಲಿ ಪ್ರಕಟವಾದ ತಮ್ಮ ಮೊದಲ ಕಾದಂಬರಿಯಲ್ಲಿ ವಾಷಿಂಗ್ಟನ್ನಿನ ಒಬ್ಬ ಇಥಿಯೋಪಿಯದ ದಿನಸಿ ಅಂಗಡಿಯವನ ಬದುಕನ್ನು ಚಿತ್ರಿಸಿ ಅಮೆರಿಕದ ಮುಖ್ಯ ಲೇಖಕರ ಸಾಲಿಗೆ ಬಂದಿದ್ದಾರೆ.

ನ್ಯಾಯವಾದ ಹೋಲಿಕೆ ಬೇಕೆನ್ನುವವರು ಇಂದಿನ ಇಥಿಯೋಪಿಯನ್ನರನ್ನು 1930ರ ಸುಮಾರಿನ ಗ್ರೀಕರ ಪಕ್ಕದಲ್ಲಿ ನಿಲ್ಲಿಸಬೇಕು. ಪನೋಸ್ ಡುಕಾಕಿಸ್ ಎಂಬ ಗ್ರೀಕ್ ಹುಡುಗ ಅಮೆರಿಕ ಸೇರಿದ್ದು 1912ರಲ್ಲಿ. ಅವನು ವೈದ್ಯನಾದ, ಅವನ ಮಗ ಮೈಕಲ್ ಡುಕಾಕಿಸ್ ಮ್ಯಾಸಚೂಸೆಟ್ಸ್‌ನ ಗವರ್ನರ್ ಆಗಿ, 1988ರಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದರು. ತಂದೆ ಬಂದಿಳಿದ ದಿನಕ್ಕೂ ಮಗನ ಸ್ಪರ್ಧೆಗೂ ನಡುವೆ 76 ವರ್ಷ. ಇಥಿಯೋಪಿಯದ ನಿರಾಶ್ರಿತರಿಗೆ ಬಾಗಿಲು ತೆರೆದ 1980ರ ಕಾನೂನಿಗೆ ಅಷ್ಟು ವರ್ಷ ತುಂಬುವುದು 2056ರಲ್ಲಿ.